ಹಾಸ್ಟೆಲ್‌ನಲ್ಲೇ ಕೆಲಸ ಮಾಡಿಕೊಂಡು ಎಂಎಸ್ಸಿ ಓದೋಕೆ ಆಗುತ್ತಾ? ತುಮಕೂರಲ್ಲಿ ಹಾಗೆ ಓದಿದವರು ಇದ್ದರೆ ಹೇಳಿ

ಪಾವಗಡದ ಹುಡುಗ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಮುಗಿಯಿತು. ಎಂಎಸ್ಸಿ ಕೆಮಿಸ್ಟ್ರಿ ಮಾಡಬೇಕು ಅಂತ ಆಸೆ. ವಿಶ್ವವಿದ್ಯಾಲಯದ ಸೀಟು ಕೈತಪ್ಪಿತು. ತುಮಕೂರಿನಲ್ಲೇ ಒಂದು ಖಾಸಗಿ ಕಾಲೇಜಿನಲ್ಲಿ ಸಿಕ್ಕಿದೆ, ಹೆಸರು ಬೇಡ. ವರ್ಷಕ್ಕೆ ಫೀ 60,000, ಹಾಸ್ಟೆಲ್‌ಗೆ 70,000. ನಮ್ಮಪ್ಪನಿಗೆ ಮೂರು ಎಕರೆ ಕಡಲೆಕಾಯಿ ಹೊಲ ಬಿಟ್ಟರೆ ಬೇರೇನೂ ಇಲ್ಲ. ಪಾವಗಡದ ಮಳೆ ವಿಷಯ ನಿಮಗೇ ಗೊತ್ತು.

ಅಡ್ಮಿಷನ್‌ಗೆ ಹೋದಾಗ ಅಲ್ಲಿನ ಮ್ಯಾನೇಜರ್ ನಮ್ಮ ಕಷ್ಟ ಕೇಳಿ ಒಂದು ದಾರಿ ಹೇಳಿದರು. ಹಾಸ್ಟೆಲ್‌ನಲ್ಲಿ ವಾರ್ಡನ್‌ಗೆ ಸಹಾಯಕನಾಗಿ ಇರಬೇಕು. ರೂಮು, ಊಟ ಫ್ರೀ. ಫೀನಲ್ಲಿ ಅರ್ಧ ಬಿಡುತ್ತಾರೆ. ಕೆಲಸ ಅಂದರೆ, ಬೆಳಗಿನ ಜಾವ 4:30ಕ್ಕೆ ಎದ್ದು ಮೋಟರ್ ಹಾಕಿ ಟ್ಯಾಂಕ್ ತುಂಬಿಸಬೇಕು, 6ರವರೆಗೆ ನೀರು, ಬಾತ್‌ರೂಮು ನೋಡಿಕೊಳ್ಳಬೇಕು. ಸಂಜೆ 6ರಿಂದ 10ರವರೆಗೆ ಗೇಟು, ಹಾಜರಿ, ಮೆಸ್ಸಿನ ಸಾಮಾನಿನ ಲೆಕ್ಕ. ಭಾನುವಾರವೂ ಇದೆ.

ಅಪ್ಪ "ಒಪ್ಪಿಕೊಂಡುಬಿಡು, ದೇವರು ಕಣ್ಣು ಬಿಟ್ಟ" ಅಂತಿದ್ದಾರೆ. ಅಮ್ಮನಿಗೆ ಇಷ್ಟ ಇಲ್ಲ. "ಓದೋಕೆ ಕಳಿಸ್ತಿದೀವೋ ಜೀತಕ್ಕೆ ಕಳಿಸ್ತಿದೀವೋ" ಅಂತಾರೆ. ಶುಕ್ರವಾರದೊಳಗೆ ಹೇಳಬೇಕು. ಹೀಗೆ ಓದಿದವರು ಯಾರಾದರೂ ಇದ್ದೀರಾ?

ಗುಬ್ಬಿ ಗೇಟ್ ಗಿರಾಕಿ · ರಾತ್ರಿ 9:46

ಕಣ್ಣು ಮುಚ್ಚಿಕೊಂಡು ಒಪ್ಪಿಕೋ ಗುರು. ವರ್ಷಕ್ಕೆ ಒಂದು ಲಕ್ಷ ಉಳೀತು.

ಲೆಕ್ಕದ ಮೇಷ್ಟ್ರು, ಮಧುಗಿರಿ · ರಾತ್ರಿ 10:05

ಕಣ್ಣು ಬಿಟ್ಟುಕೊಂಡು ಲೆಕ್ಕ ಹಾಕೋಣ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ನಾಲ್ಕು. ದಿನಕ್ಕೆ ಐದೂವರೆ. ತಿಂಗಳಿಗೆ 165 ಗಂಟೆ. ವರ್ಷದಲ್ಲಿ ಹತ್ತು ತಿಂಗಳು ಅಂದುಕೊಂಡರೂ 1,650 ಗಂಟೆ ಆಯಿತು. ನಿನಗೆ ಸಿಗೋದು ಹಾಸ್ಟೆಲ್‌ದು 70,000, ಫೀದು 30,000. ಒಟ್ಟು ಒಂದು ಲಕ್ಷ. ಅಂದರೆ ಗಂಟೆಗೆ 60 ರೂಪಾಯಿ ಚಿಲ್ಲರೆ.

ಬೇಡ ಅಂತ ಹೇಳುತ್ತಿಲ್ಲ. ಎಷ್ಟಕ್ಕೆ ಹೋಗುತ್ತಿದ್ದೇನೆ ಅಂತ ಗೊತ್ತಿರಲಿ, ಅಷ್ಟೇ.

ಕುಣಿಗಲ್ ಕುದುರೆ · ರಾತ್ರಿ 10:11

60 ರೂಪಾಯಿನಾ! ನರೇಗಾ ಕೂಲಿನೇ ವಾಸಿ ಬಿಡಿ ಸಾರ್.

ಲೆಕ್ಕದ ಮೇಷ್ಟ್ರು, ಮಧುಗಿರಿ · ರಾತ್ರಿ 10:19

ಕುದುರೆ ಅವರೇ, ಸ್ವಲ್ಪ ನಿಧಾನ. 2025-26ಕ್ಕೆ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿ. 46 ಬರುತ್ತೆ.

ಕುಣಿಗಲ್ ಕುದುರೆ · ರಾತ್ರಿ 10:22

ಸರಿ ಮೇಷ್ಟ್ರೇ, ಒಪ್ಪಿದೆ. ಆದರೆ ನರೇಗಾದವರು ಮಾರನೇ ದಿನ ಆರ್ಗ್ಯಾನಿಕ್ ಕೆಮಿಸ್ಟ್ರಿ ಪರೀಕ್ಷೆ ಬರೆಯಬೇಕಾಗಿಲ್ಲ.

ಕ್ಯಾತ್ಸಂದ್ರ ತಟ್ಟೆ ಇಡ್ಲಿ · ರಾತ್ರಿ 10:58

ನಾನು ಮಾಡಿದ್ದೇನೆ ತಮ್ಮಾ. ಇದೇ ಕೆಲಸ, ಇದೇ ಊರು. ಎಂಕಾಂ ಎರಡು ವರ್ಷ. ಕಾಲೇಜಿನ ಹೆಸರು ನಾನೂ ಹೇಳುವುದಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದು.

ಮೊದಲ ತಿಂಗಳು ಸ್ವರ್ಗ. ನನಗೇ ಅಂತ ಒಂದು ರೂಮು, ಅದಕ್ಕೊಂದು ಟೇಬಲ್ಲು, ಬೀಗದ ಗೊಂಚಲು. ಹುಡುಗರು "ಸಾರ್" ಅನ್ನುತ್ತಿದ್ದರು. ನನಗಿಂತ ಎರಡೇ ವರ್ಷ ಚಿಕ್ಕವರು! ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೂ ಹೇಳಿದ್ದೇ.

ಆಮೇಲೆ ಶುರುವಾಯಿತು ನೋಡು. ಹೇಳಿದ್ದು 10 ಗಂಟೆವರೆಗೆ. ಆದರೆ 10ಕ್ಕೆ ಗೇಟಿಗೆ ಬೀಗ ಹಾಕಿದ ಮೇಲೆ ಶಿರಾ ಗೇಟಿನ ಕಡೆ ಎಗ್ ರೈಸ್ ತಿನ್ನೋಕೆ ಗೋಡೆ ಹಾರಿ ಹೋದವರು ವಾಪಸ್ ಬರೋದು 12ಕ್ಕೆ. ಒಬ್ಬನ ಪ್ಯಾಂಟು ಗಾಜಿನ ಚೂರಿಗೆ ಸಿಕ್ಕಿ ಗೋಡೆ ಮೇಲೆ ನೇತಾಡುತ್ತಿದ್ದ. ಅವನನ್ನು ಇಳಿಸುವವನು ನಾನೇ. ಬೆಳಿಗ್ಗೆ ಮ್ಯಾನೇಜರ್ ಹತ್ತಿರ "ನೀನೇನು ಕತ್ತೆ ಕಾಯ್ತಿದ್ದೆಯಾ" ಅಂತ ಬೈಸಿಕೊಳ್ಳುವವನೂ ನಾನೇ. ಒಂದು ರಾತ್ರಿ 2 ಗಂಟೆಗೆ ಒಬ್ಬ ಹುಡುಗನಿಗೆ ಜ್ವರ ನೆತ್ತಿಗೇರಿ ಏನೇನೋ ಬಡಬಡಿಸುತ್ತಿದ್ದ. ಆಟೋ ಸಿಗಲಿಲ್ಲ. ಅಡುಗೆಯವರ ಬೈಕಿನಲ್ಲಿ ಅವನನ್ನು ನಡುವೆ ಕೂರಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋದೆವು. ಮಾರನೇ ದಿನ ನನ್ನ ಇಂಟರ್ನಲ್ಸ್. ಕಾಸ್ಟಿಂಗ್ ಪೇಪರ್ ಮೇಲೇ ನಿದ್ದೆ ಹೊಡೆದೆ.

ಇದೆಲ್ಲ ನಡೆಯುತ್ತೆ ಬಿಡು, ಜೀವನ. ನನಗೆ ಹೊಡೆತ ಬಿದ್ದದ್ದು ಬೇರೆ ಕಡೆ. ಎರಡನೇ ವರ್ಷ ಮೆಸ್ಸಿನ ತೊಗರಿಬೇಳೆ ಲೆಕ್ಕದಲ್ಲಿ ಒಂದೂವರೆ ಮೂಟೆ ಕಡಿಮೆ ಬಂತು. ನಾನು ಮುಟ್ಟಿರಲಿಲ್ಲ. ಯಾರು ಮುಟ್ಟಿದ್ದರು ಅಂತ ಎಲ್ಲರಿಗೂ ಗೊತ್ತಿತ್ತು, ಹೇಳುವವರು ಯಾರೂ ಇಲ್ಲ. "ನಾಳೆಯಿಂದ ಬರಬೇಡ" ಅಂದರು. ಬರಬೇಡ ಅಂದರೆ ಕೆಲಸ ಹೋಯಿತು, ಕೆಲಸದ ಜೊತೆ ರೂಮು ಹೋಯಿತು, ರೂಮಿನ ಜೊತೆ ಊಟ ಹೋಯಿತು, ಬಿಟ್ಟಿದ್ದ ಅರ್ಧ ಫೀ ಕಟ್ಟು ಅಂತ ಚೀಟಿ ಬಂತು. ಒಂದೇ ಸಂಜೆಯಲ್ಲಿ ಎಲ್ಲ. ಪರೀಕ್ಷೆಗೆ ಐದು ವಾರ ಇತ್ತು. ಟ್ರಂಕು ಎತ್ತಿಕೊಂಡು ಕ್ಯಾತ್ಸಂದ್ರದಲ್ಲಿ ಗೆಳೆಯನ ಮನೆ ಹಜಾರದಲ್ಲಿ ಮಲಗಿ ಪಾಸಾದೆ.

ಹೊರಗೆ ಕೆಲಸ ಮಾಡಿದರೆ, ಕೆಲಸ ಹೋದರೂ ತಲೆ ಮೇಲೆ ಸೂರು ಇರುತ್ತೆ. ಇಲ್ಲಿ ಎರಡೂ ಒಂದೇ ಬೀಗದಲ್ಲಿ.

ಗುಬ್ಬಿ ಗೇಟ್ ಗಿರಾಕಿ · ರಾತ್ರಿ 11:03

ಅಣ್ಣಾ… ನನ್ನ ಮೊದಲ ಕಾಮೆಂಟ್ ವಾಪಸ್ ತಗೊಳ್ತೀನಿ.

ಬಿಸಿಎಂ ಹಾಸ್ಟೆಲ್ ಹಳಬ · ರಾತ್ರಿ 11:20

ಮೊದಲು ಸರ್ಕಾರದ ಬಾಗಿಲು ತಟ್ಟಿದ್ದೀಯಾ? ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಆನ್‌ಲೈನ್ ಅರ್ಜಿ ಹಾಕಿದ್ದೀಯಾ? ಸೀಟು ಸಿಕ್ಕರೆ ಊಟ, ವಸತಿ ಎರಡೂ ಬಿಟ್ಟಿ, ಯಾರ ಮೋಟರೂ ಹಾಕಬೇಕಾಗಿಲ್ಲ. ಹಿಂದುಳಿದ ವರ್ಗದವನಾಗಿದ್ದು ಹಾಸ್ಟೆಲ್ ಸೀಟು ಸಿಗದಿದ್ದರೆ ಊಟ, ವಸತಿಗೆ ಸರ್ಕಾರ ದುಡ್ಡು ಕೊಡೋ ವಿದ್ಯಾಸಿರಿ ಇದೆ. ತಿಂಗಳಿಗೆ 1,500ರಂತೆ ಹತ್ತು ತಿಂಗಳು, ವರ್ಷಕ್ಕೆ 15,000 ಕೊಡುತ್ತಿದ್ದರು. ಸರ್ಕಾರದ ಸ್ಕಾಲರ್‌ಶಿಪ್ ಅರ್ಜಿಯ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ ಅರ್ಜಿ.

ರೈತರ ಮಗ ಅಂದೆಯಲ್ಲ, ರೈತ ವಿದ್ಯಾನಿಧಿನೂ ನೋಡು. 2021ರಲ್ಲಿ ಶುರು ಮಾಡಿದಾಗ ಸ್ನಾತಕೋತ್ತರಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಅಂತ ಇಟ್ಟಿದ್ದರು. ಅಪ್ಪನ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ನಂಬರು, ಸರಿ ಇರಬೇಕು.

ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯಾ ಅಂತ ಈಗಲೇ ಬ್ಯಾಂಕಿಗೆ ಹೋಗಿ ಕೇಳು. ಅರ್ಧ ಜನರ ದುಡ್ಡು ನಿಲ್ಲೋದೇ ಅಲ್ಲಿ.

ಪಾವಗಡದ ಹುಡುಗ · ರಾತ್ರಿ 11:31

ಹಾಸ್ಟೆಲ್‌ಗೆ ಹಾಕಿದ್ದೆ ಅಣ್ಣ, ಮೊದಲ ಪಟ್ಟಿಯಲ್ಲಿ ಬರಲಿಲ್ಲ. ಎಸ್‌ಎಸ್‌ಪಿ ಹಾಕುತ್ತೇನೆ. ಫ್ರೂಟ್ಸ್ ಐಡಿಯಲ್ಲಿ ಅಪ್ಪನ ಹೆಸರಿಗೆ ಒಂದು ಅಕ್ಷರ ಜಾಸ್ತಿ ಇದೆ, ಅದನ್ನು ಸರಿ ಮಾಡಿಸೋಕೆ ಹೋಬಳಿಗೆ ಮೂರು ಸಲ ಓಡಾಡಿದ್ದೇವೆ.

ಬಿಸಿಎಂ ಹಾಸ್ಟೆಲ್ ಹಳಬ · ರಾತ್ರಿ 11:33

ಎರಡನೇ ಪಟ್ಟಿ ಕಾಯಿ. ಬಿಡಬೇಡ. ಹಾಗಂತ ಸ್ಕಾಲರ್‌ಶಿಪ್ ನೆಚ್ಚಿಕೊಂಡೇ ಕೂರಬೇಡ, ಬಂದಾಗ ಬರುತ್ತೆ.

ಶಿರಾ ಹುಡುಗಿ · ಸೋಮವಾರ ಬೆಳಿಗ್ಗೆ 7:15

ತಟ್ಟೆ ಇಡ್ಲಿ ಅಣ್ಣನ ಬೇಳೆ ಮೂಟೆ ಕಥೆ ಓದಿ ನಿದ್ದೆ ಬರಲಿಲ್ಲ. ನಾನು ಅಮೆರಿಕದಲ್ಲಿ ಎಂಎಸ್ ಮಾಡುವಾಗ ಇದೇ ಥರದ ಕೆಲಸ ಮಾಡಿದ್ದೆ. ಅಲ್ಲಿ ರೆಸಿಡೆಂಟ್ ಅಸಿಸ್ಟೆಂಟ್ ಅಂತಾರೆ. ಹಾಸ್ಟೆಲ್‌ನ ಒಂದು ಮಹಡಿಗೆ ನಾವು ಅಕ್ಕನೂ ಹೌದು, ಪೊಲೀಸೂ ಹೌದು. ನಮ್ಮಲ್ಲಿ ರೂಮು ಪೂರ್ತಿ ಫ್ರೀ ಇತ್ತು, ಊಟಕ್ಕೆ ಅರ್ಧ ಕೊಡುತ್ತಿದ್ದರು. ಟ್ಯೂಷನ್‌ಗೆ ಒಂದು ಪೈಸೆ ಇಲ್ಲ. ಅದನ್ನು ಸಾಲದಲ್ಲೇ ಕಟ್ಟಿದೆ.

ರಾತ್ರಿ ಎರಡಕ್ಕೆ ಬಾಗಿಲು ಬಡಿಯೋದು ಅಲ್ಲೂ ಇದೆ. ಕೀ ಒಳಗೇ ಬಿಟ್ಟು ಟವೆಲ್ ಸುತ್ತಿಕೊಂಡು ನಿಂತಿರುತ್ತಾರೆ. ಒಬ್ಬಳು ಮೈಕ್ರೋವೇವ್‌ನಲ್ಲಿ ಪಾಪ್‌ಕಾರ್ನ್ ಸುಟ್ಟು ಫೈರ್ ಅಲಾರಂ ಹೊಡೆದು ಇಡೀ ಕಟ್ಟಡ ಹಿಮದಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿತ್ತು. ನಾನು ಪಟ್ಟಿ ಹಿಡಿದುಕೊಂಡು ತಲೆ ಎಣಿಸುತ್ತಿದ್ದೆ. ಕೈ ಮರಗಟ್ಟಿ ಪೆನ್ನು ಬಿದ್ದುಹೋಗಿತ್ತು.

ಆದರೆ ಒಂದು ವ್ಯತ್ಯಾಸ. ಸೇರುವ ಮೊದಲೇ ಐದು ಪುಟದ ಕರಾರು ಕೊಟ್ಟರು. ಯಾವ ರಾತ್ರಿ ಡ್ಯೂಟಿ, ಎಷ್ಟು ಗಂಟೆ, ತೆಗೆದುಹಾಕಿದರೆ ರೂಮು ಬಿಡೋಕೆ ಎಷ್ಟು ದಿನ, ಎಲ್ಲ ಅದರಲ್ಲಿತ್ತು. ವಿದೇಶಿ ವಿದ್ಯಾರ್ಥಿಗೆ ಪಾಠ ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರೋ ಹಾಗಿಲ್ಲ. ಮೀರಿದರೆ ವೀಸಾಗೇ ಕುತ್ತು. ಮೇಷ್ಟ್ರ ಲೆಕ್ಕದಲ್ಲಿ ಈ ಹುಡುಗನದು ವಾರಕ್ಕೆ ಮೂವತ್ತೆಂಟೂವರೆ.

ಬಟವಾಡಿ ಬ್ರೋ · ಬೆಳಿಗ್ಗೆ 8:02

ಅಕ್ಕಾ, ಟ್ಯೂಷನ್ ಅಂದರೆ ಮನೆಪಾಠ ಅಲ್ವಾ? ಅದಕ್ಕೇಕೆ ಸಾಲ?

ಶಿರಾ ಹುಡುಗಿ · ಬೆಳಿಗ್ಗೆ 8:10

ಅಯ್ಯೋ! ಅಲ್ಲಿ ಕಾಲೇಜಿನ ಪಾಠದ ಫೀಗೇ ಟ್ಯೂಷನ್ ಅನ್ನೋದು. ನಮ್ಮಜ್ಜಿನೂ ಹಾಗೇ ಅಂದುಕೊಂಡಿದ್ದರು. "ಕ್ಲಾಸಲ್ಲಿ ಸರಿಯಾಗಿ ಕೇಳಿಸಿಕೊಂಡಿದ್ದರೆ ಟ್ಯೂಷನ್ ಯಾಕೆ ಬೇಕಿತ್ತು" ಅಂತ ಬೈದಿದ್ದರು.

ಎಚ್‌ಎಂಟಿ ವಾಚು · ಬೆಳಿಗ್ಗೆ 8:40

ನನ್ನ ಅಳಿಯ ಹೋಗುತ್ತಿದ್ದಾನೆ ಅಮೆರಿಕಕ್ಕೆ. ಪ್ರೊಫೆಸರ್ ಹತ್ತಿರ 20 ಗಂಟೆ ಅಸಿಸ್ಟೆಂಟ್, ಜೊತೆಗೆ ಈ ಹಾಸ್ಟೆಲ್ ಕೆಲಸ. ಎರಡೂ ಮಾಡಿದರೆ ಖರ್ಚೇ ಇಲ್ಲ ಅಂತ ಏಜೆಂಟ್ ಹೇಳಿದ್ದಾನಂತೆ.

ಶಿರಾ ಹುಡುಗಿ · ಬೆಳಿಗ್ಗೆ 8:52

ಅಂಕಲ್, ಬೇಡ. 20 ಗಂಟೆ ಅನ್ನೋದು ಎಲ್ಲ ಕೆಲಸ ಸೇರಿ. ರೂಮು ಕೊಟ್ಟರೂ ಅದು ಕೆಲಸದ ಸಂಬಳ ಇದ್ದ ಹಾಗೇ. ಮೊದಲ ಕೆಲಸದಲ್ಲೇ 20 ತುಂಬಿದರೆ ಇನ್ನೊಂದಕ್ಕೆ ಜಾಗ ಇಲ್ಲ. ಇನ್ನೂ ಒಂದು. ಅಲ್ಲಿನ ಸರ್ಕಾರದ ವರ್ಕ್ ಸ್ಟಡಿ ಯೋಜನೆ ಅಂತ 1964ರಿಂದ ಇದೆ, ಅದು ಎಫ್-1 ವೀಸಾದವರಿಗೆ, ಅಂದರೆ ಓದೋಕೆ ಹೋದ ವಿದೇಶಿ ವಿದ್ಯಾರ್ಥಿಗಳಿಗೆ, ಸಿಗೋಲ್ಲ. ಏಜೆಂಟ್ ಅದರ ಹೆಸರು ಹೇಳಿದರೆ ನಂಬಬೇಡಿ.

ಗುಬ್ಬಿ ಗೇಟ್ ಗಿರಾಕಿ · ಬೆಳಿಗ್ಗೆ 9:05

ಕೆಂಟಕಿಯಲ್ಲಿ ಬೆರಿಯಾ ಕಾಲೇಜು ಅಂತ ಇದೆ, 1855ರಲ್ಲಿ ಶುರುವಾದದ್ದು. ಅಲ್ಲಿ ಯಾರಿಗೂ ಟ್ಯೂಷನ್ ಫೀ ಇಲ್ಲವೇ ಇಲ್ಲ, ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಹತ್ತು ಗಂಟೆಯಾದರೂ ಕೆಲಸ ಮಾಡಲೇಬೇಕು. ಎಲ್ಲರೂ ಮಾಡೋದರಿಂದ ಕಸ ಗುಡಿಸುವವನು ಬಡವ ಅಂತ ಯಾರಿಗೂ ಗೊತ್ತಾಗಲ್ಲ. ಅದು ನನಗೆ ಹಿಡಿಸಿತು.

ಕೋಟೆ ಬೀದಿ · ಬೆಳಿಗ್ಗೆ 9:30

ಕೆಂಟಕಿ ಅಂದರೆ ಕೋಳಿ ಅಂಗಡಿ ಅಂದುಕೊಂಡಿದ್ದೆ.

ಮಠದ ಹಳೇ ಹುಡುಗ · ಬೆಳಿಗ್ಗೆ 10:15

ಬೆರಿಯಾವರೆಗೆ ಯಾಕೆ ಹೋಗಬೇಕು ಸ್ವಾಮಿ, ಸಿದ್ಧಗಂಗೆ ಕಾಣಿಸಲಿಲ್ಲವಾ? ನಾನು ಎಂಟನೇ ಕ್ಲಾಸಿನಿಂದ ಅಲ್ಲೇ ಓದಿದ್ದು. ಸುಮಾರು ಹತ್ತು ಸಾವಿರ ಮಕ್ಕಳಿಗೆ ಊಟ, ವಸತಿ, ಓದು. ಯಾವ ಜಾತಿ ಅಂತ ಕೇಳೋದಿಲ್ಲ. ನಾವೇ ಸರದಿ ಮೇಲೆ ಬಡಿಸುತ್ತಿದ್ದೆವು. ದೊಡ್ಡ ಸೌಟಿನಲ್ಲಿ ಸಾರು ಹಾಕುವಾಗ ನನ್ನ ಕೈ ನಡುಗಿ ಎದುರಿದ್ದವನ ತೊಡೆ ಮೇಲೆ ಚೆಲ್ಲಿದ್ದೆ. ಅವನು ಈಗಲೂ ಸಿಕ್ಕರೆ ತೊಡೆ ತೋರಿಸುತ್ತಾನೆ.

ಅದನ್ನು ನಾವು ಯಾವತ್ತೂ ಕೆಲಸ ಅಂದುಕೊಳ್ಳಲಿಲ್ಲ. 2019ರ ಜನವರಿಯಲ್ಲಿ ದೊಡ್ಡ ಬುದ್ಧಿಯವರು, ಶಿವಕುಮಾರ ಸ್ವಾಮಿಗಳು, ಹೋದಾಗ ನಮ್ಮ ಬ್ಯಾಚಿನವರೆಲ್ಲ ಬಂದಿದ್ದೆವು. ಬಂದವರಿಗೆ ಊಟ ಬಡಿಸೋಕೆ ಯಾರೂ ಹೇಳದೆ ಸೌಟು ಹಿಡಿದೆವು.

ಕುಣಿಗಲ್ ಕುದುರೆ · ಬೆಳಿಗ್ಗೆ 10:24

ಮಠದ್ದೂ ಇವನದ್ದೂ ಒಂದೇ ಅಲ್ಲ ಸಾರ್. ಅಲ್ಲಿ ಅನ್ನ ಮೊದಲು, ಕೆಲಸ ಆಮೇಲೆ. ಬಡಿಸದಿದ್ದರೆ ಊಟ ಇಲ್ಲ ಅಂತ ಯಾರೂ ಹೇಳುತ್ತಿರಲಿಲ್ಲ ಅಲ್ವಾ?

ಮಠದ ಹಳೇ ಹುಡುಗ · ಬೆಳಿಗ್ಗೆ 10:26

ಅದು ಸರಿ.

ತಿಪಟೂರು ಕೊಬ್ಬರಿ · ಬೆಳಿಗ್ಗೆ 11:10

ನಮ್ಮ ತಾತ ತುಮಕೂರಲ್ಲಿ ಹೈಸ್ಕೂಲು ಓದಿದ್ದು ವಾರಾನ್ನದಲ್ಲಿ. ಸೋಮವಾರ ಒಬ್ಬ ವಕೀಲರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ಆರು ಮನೆ ಸಿಕ್ಕಿದ್ದವು, ಶನಿವಾರಕ್ಕೆ ಮನೆ ಸಿಗಲಿಲ್ಲ. ಶನಿವಾರ ಪುರಿ, ಬೆಲ್ಲ, ನೀರು. ಸಾಯುವವರೆಗೂ ಶನಿವಾರ ಉಪವಾಸ ಮಾಡುತ್ತಿದ್ದರು. ದೇವರಿಗೆ ಅಂತ ನಾವು ಅಂದುಕೊಂಡಿದ್ದೆವು, "ಅಭ್ಯಾಸ ಕಣೋ" ಅಂದರು ಒಂದು ದಿನ.

ಊಟಕ್ಕೆ ಹೋದ ಮನೆಯಲ್ಲಿ ಬಾವಿಯಿಂದ ನೀರು ಸೇದಿ ಹಾಕೋದು, ಮಕ್ಕಳಿಗೆ ಮಗ್ಗಿ ಹೇಳಿಕೊಡೋದು ಇದ್ದೇ ಇತ್ತು. ಕೆಲವು ಮನೆಯಲ್ಲಿ ಹಿಂದಿನ ದಿನದ ತಂಗಳು. ಕೇಳೋ ಹಾಗಿಲ್ಲ.

ಕೋಟೆ ಬೀದಿ · ಬೆಳಿಗ್ಗೆ 11:32

ವಾರಾನ್ನ ಎಲ್ಲರಿಗೂ ಸಿಗುತ್ತಿತ್ತಾ? ನಮ್ಮ ತಾತನನ್ನು ಯಾವ ವಕೀಲರು ಒಳಗೆ ಕರೆದು ಬಡಿಸುತ್ತಿದ್ದರು? ಅದಕ್ಕೇ ಒಂದೊಂದು ಸಮುದಾಯದವರೂ ತಮ್ಮ ತಮ್ಮ ಹಾಸ್ಟೆಲ್ ಕಟ್ಟಿಕೊಂಡದ್ದು. ಹಳೇ ಕಾಲ ಚೆನ್ನಾಗಿತ್ತು ಅಂತ ಸುಮ್ನೆ ಹೇಳಬೇಡಿ.

ತಿಪಟೂರು ಕೊಬ್ಬರಿ · ಬೆಳಿಗ್ಗೆ 11:40

ಚೆನ್ನಾಗಿತ್ತು ಅಂತ ನಾನೆಲ್ಲಿ ಹೇಳಿದೆ ಸಾರ್? ಶನಿವಾರ ಪುರಿ ತಿಂದರು ಅಂತ ಹೇಳಿದೆ. ನಿಮ್ಮ ಮಾತೂ ನಿಜ.

ಚಿಕ್ಕಬಳ್ಳಾಪುರದಿಂದ ಇಣುಕಿದವನು · ಮಧ್ಯಾಹ್ನ 12:20

ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಲ್ಲಿ ಮನೆಪಾಠ ಹೇಳಿಕೊಟ್ಟೇ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು, 1881ರಲ್ಲಿ ಬಿಎ.

ಗುಬ್ಬಿ ಗೇಟ್ ಗಿರಾಕಿ · ಮಧ್ಯಾಹ್ನ 12:22

ಬಂದರು ನೋಡಿ. ವಿಶ್ವೇಶ್ವರಯ್ಯನವರು ಬರದ ಚರ್ಚೆ ಇಲ್ಲ. ಇನ್ನು ಬೀದಿ ದೀಪ ಒಂದು ಬಾಕಿ.

ಚಿಕ್ಕಬಳ್ಳಾಪುರದಿಂದ ಇಣುಕಿದವನು · ಮಧ್ಯಾಹ್ನ 12:35

ನಗಿ ನಗಿ. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು ಗೊತ್ತಲ್ಲ? ಓದೋಕೆ ಅಂತ ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಆಮೇಲೆ ಪ್ರಿನ್ಸಿಪಾಲ್ ಆದರು, ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿ ಆದರು. ಇದ್ದದ್ದು ಮಾತ್ರ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ. ಹಾಸ್ಟೆಲ್ ರೂಮು ಅಂದರೆ ಕೀಳಲ್ಲ ಅಂತ ಹೇಳೋಕೆ ಬಂದೆ.

ಲೆಕ್ಕದ ಮೇಷ್ಟ್ರು, ಮಧುಗಿರಿ · ಮಧ್ಯಾಹ್ನ 1:05

ಎಲ್ಲ ಸರಿ, ಹುಡುಗನ ಪ್ರಶ್ನೆಗೆ ವಾಪಸ್ ಬರೋಣ. ಕೆಲಸ ಕೊಟ್ಟು ಓದಿಸುವ ಪದ್ಧತಿ ನಮ್ಮಲ್ಲೂ ಇದೆ. ಗೇಟ್ ಅನ್ನೋ ಪ್ರವೇಶ ಪರೀಕ್ಷೆ ಪಾಸಾಗಿ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ಕೊಡುತ್ತಾರೆ, ಅದಕ್ಕೆ ವಾರಕ್ಕೆ ಎಂಟು ಗಂಟೆ ಲ್ಯಾಬ್, ಟ್ಯುಟೋರಿಯಲ್ ಕೆಲಸ. ದುಡಿಯುತ್ತಾ ಕಲಿಯುವ ಬಡ ವಿದ್ಯಾರ್ಥಿಗಳ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾರ್ಗಸೂಚಿಯೂ ವಾರಕ್ಕೆ 20 ಗಂಟೆ ಮೀರಬಾರದು ಅನ್ನುತ್ತೆ. ಅಮೆರಿಕದಲ್ಲೂ 20, ಇಲ್ಲೂ 20. ನಿಮ್ಮ ಮ್ಯಾನೇಜರ್ ಹತ್ತಿರ ಮಾತ್ರ ಮೂವತ್ತೆಂಟೂವರೆ.

ಹೋಗಿ ಕೇಳು. ಬೇಡ ಅನ್ನೋಕೆ ಮುಂಚೆ ಕೇಳೋದು ತಪ್ಪಲ್ಲ. ಬೆಳಿಗ್ಗೆ ಅಥವಾ ಸಂಜೆ, ಯಾವುದಾದರೂ ಒಂದು. ವಾರಕ್ಕೊಂದು ರಜೆ. ಪರೀಕ್ಷೆ ಸಮಯದಲ್ಲಿ 15 ದಿನ ಬಿಡುವು. ಕೆಲಸದಿಂದ ತೆಗೆದರೂ ಆ ಸೆಮಿಸ್ಟರ್ ಮುಗಿಯುವವರೆಗೆ ರೂಮು, ಊಟ. ಎಲ್ಲ ಲೆಟರ್‌ಹೆಡ್ ಮೇಲೆ.

ಕ್ಯಾತ್ಸಂದ್ರ ತಟ್ಟೆ ಇಡ್ಲಿ · ಮಧ್ಯಾಹ್ನ 1:20

ಮೆಸ್ಸಿನ ಲೆಕ್ಕ ಮಾತ್ರ ಒಪ್ಪಿಕೊಳ್ಳಬೇಡ. ಗೇಟು ಕಾಯಿ, ಮೋಟರ್ ಹಾಕು. ಉಗ್ರಾಣದ ಕೀ ಮುಟ್ಟಬೇಡ. ಫೀ ಅರ್ಧ ಬಿಟ್ಟಿದ್ದಕ್ಕೂ ರಸೀದಿ ಬರೆಸಿಕೋ. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಕುಣಿಗಲ್ ಕುದುರೆ · ಮಧ್ಯಾಹ್ನ 1:31

ಇಷ್ಟೆಲ್ಲ ಕೇಳಿದರೆ ಕೆಲಸ ಕೊಡ್ತಾರಾ? ಬೇರೆ ಹುಡುಗ ಸಿಗ್ತಾನೆ ಅಷ್ಟೇ.

ಕ್ಯಾತ್ಸಂದ್ರ ತಟ್ಟೆ ಇಡ್ಲಿ · ಮಧ್ಯಾಹ್ನ 1:34

ಸಿಗ್ತಾನೆ. ಅದೇ ಕಷ್ಟ.

ಬಟವಾಡಿ ಬ್ರೋ · ಮಧ್ಯಾಹ್ನ 2:10

ಹಾಸ್ಟೆಲ್‌ನಲ್ಲಿ ಸೋಮವಾರ ಕಾಂಕ್ರೀಟಾ? ಅದನ್ನೂ ಕೇಳಿಕೊಂಡು ಬಾ.

ಶಿರಾ ಹುಡುಗಿ · ಮಧ್ಯಾಹ್ನ 2:15

ಉಪ್ಪಿಟ್ಟಿಗೆ ಕಾಂಕ್ರೀಟು ಅನ್ನೋರೆಲ್ಲ ಒಂದು ಸಲ ಅಮೆರಿಕದ ಮೆಸ್ಸಿನ ಓಟ್ಸ್ ಗಂಜಿ ತಿನ್ನಿ. ಆ ಉಪ್ಪಿಟ್ಟಿಗೆ ಕಣ್ಣೀರು ಹಾಕಿದ್ದೇನೆ ನಾನು.

ಪಾವಗಡದ ಹುಡುಗ · ಶುಕ್ರವಾರ ರಾತ್ರಿ 8:50

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಗಿದ್ದೆ. ಅಪ್ಪನೂ ಬಂದಿದ್ದರು, ಬೆಳಿಗ್ಗೆ ಪಾವಗಡದಿಂದ ಮೊದಲ ಬಸ್ಸಿಗೆ.

ಮೇಷ್ಟ್ರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಮ್ಯಾನೇಜರ್ ಓದಿ ನಕ್ಕರು. "ಕೆಲಸಕ್ಕೆ ಮುಂಚೆನೇ ಯೂನಿಯನ್ ಕಟ್ಟಿದ್ದೀಯಲ್ಲಯ್ಯ" ಅಂದರು. ಅಪ್ಪ ಬೆವರು ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡುತ್ತಿದ್ದರು, ಹಾಳೆ ವಾಪಸ್ ಇಸ್ಕೋ ಅನ್ನೋ ಥರ. ನಾನು ಇಸ್ಕೊಳ್ಳಲಿಲ್ಲ.

ಕೊನೆಗೆ ಆಗಿದ್ದು ಇಷ್ಟು. ಮೆಸ್ಸಿನ ಲೆಕ್ಕ ಇಲ್ಲ, ಅದು ಅಡುಗೆಯವರದ್ದು. ಸಂಜೆ 7ರಿಂದ 9. ಬೆಳಿಗ್ಗೆ ಮೋಟರ್ ಒಂದು ವಾರ ನಾನು, ಒಂದು ವಾರ ವಾಚ್‌ಮನ್. ಭಾನುವಾರ ರಜೆ. ಆದರೆ ಫೀ ಬಿಡೋದಿಲ್ಲ, ರೂಮು, ಊಟ ಮಾತ್ರ. ಸೆಮಿಸ್ಟರ್ ಮುಗಿಯುವವರೆಗೆ ರೂಮು ಅನ್ನೋದಕ್ಕೆ "ಅದೆಲ್ಲ ಬರೆದುಕೊಡೋಕೆ ಆಗಲ್ಲ, ನಂಬಿಕೆ ಮೇಲೆ ನಡೀಬೇಕು" ಅಂದರು. ಉಳಿದದ್ದನ್ನು ಬರೆದುಕೊಟ್ಟಿದ್ದಾರೆ, ಸೀಲು ಸೋಮವಾರ ಹಾಕುತ್ತಾರಂತೆ. ಫೀಗೆ ಅಪ್ಪ ಸೊಸೈಟಿಯಲ್ಲಿ ಕೇಳುತ್ತೇನೆ ಅಂದಿದ್ದಾರೆ.

ಲೆಕ್ಕದ ಮೇಷ್ಟ್ರು, ಮಧುಗಿರಿ · ರಾತ್ರಿ 9:12

ಸಂಜೆ ಎರಡು ಗಂಟೆ, ವಾರಕ್ಕೆ ಆರು ದಿನ. ಬೆಳಗಿನದು ವಾರ ಬಿಟ್ಟು ವಾರ. ವಾರಕ್ಕೆ ಸರಾಸರಿ ಹದಿನಾರೂವರೆ ಗಂಟೆ. 70,000ಕ್ಕೆ ಹತ್ತಿರ ಹತ್ತಿರ ಗಂಟೆಗೆ ನೂರು ರೂಪಾಯಿ ಬೀಳುತ್ತೆ. ಪರವಾಗಿಲ್ಲ ಕಣಯ್ಯ, ಚೆನ್ನಾಗಿಯೇ ಮಾತಾಡಿದ್ದೀಯ.

ಕ್ಯಾತ್ಸಂದ್ರ ತಟ್ಟೆ ಇಡ್ಲಿ · ರಾತ್ರಿ 9:20

ಸೀಲು ಬೀಳೋವರೆಗೂ ಟ್ರಂಕು ಒಳಗೆ ಇಡಬೇಡ. ಯಾವ ರಾತ್ರಿಯಾದರೂ ಹೊರಗೆ ಹಾಕಿದರೆ ಫೋನ್ ಮಾಡು, ನಂಬರ್ ಇನ್‌ಬಾಕ್ಸ್‌ಗೆ ಹಾಕಿದ್ದೇನೆ. ನಮ್ಮನೆ ಹಜಾರ ಖಾಲಿ ಇದೆ.

ಬಿಸಿಎಂ ಹಾಸ್ಟೆಲ್ ಹಳಬ · ರಾತ್ರಿ 9:33

ಎರಡನೇ ಪಟ್ಟಿ ಇನ್ನೂ ಬಂದಿಲ್ಲ. ದಿನಾ ನೋಡುತ್ತಿರು.

ಬಟವಾಡಿ ಬ್ರೋ · ರಾತ್ರಿ 9:41

ಕಾಂಕ್ರೀಟು ಯಾವ ವಾರ ಅಂತ ಕೇಳಲೇ ಇಲ್ವಾ?

ಪಾವಗಡದ ಹುಡುಗ · ರಾತ್ರಿ 9:44

ಸೋಮವಾರ ಮತ್ತು ಗುರುವಾರ. ಬೋರ್ಡ್ ಮೇಲೇ ಬರೆದಿದೆ.